ಹಳೆಯ ಪೋಲೊ ಜಿಟಿ: ಯಾವ ವರ್ಷದ ಕಾರು ನಮ್ಮ ಕರಾವಳಿಗೆ ಒಗ್ಗುತ್ತದೆ?

ಕಾಸರಗೋಡಿನ ಕಡೆ ಸ್ಪೋರ್ಟ್ಸ್ ಕಾರಿನ ಆಸೆ ಇಟ್ಟುಕೊಂಡ ಅನೇಕರು, ಕೈಯಲ್ಲಿರುವ ಹಣವನ್ನೂ ಮನೆಯ ಅಗತ್ಯವನ್ನೂ ತೂಗಿ ನೋಡಿದ ಮೇಲೆ, ಕೊನೆಗೆ ಬಂದು ನಿಲ್ಲುವುದು ಸೆಕೆಂಡ್ ಹ್ಯಾಂಡ್ ಫೋಕ್ಸ್‌ವ್ಯಾಗನ್ ಪೋಲೊ ಜಿಟಿಯ ಮುಂದೆ. ಐದು ಬಾಗಿಲಿನ ಈ ಸಣ್ಣ ಕಾರಿನಲ್ಲಿ ಮನೆಮಂದಿಗೆ ಜಾಗವಿದೆ, ಊರೊಳಗಿನ ಹಂಪುಗಳನ್ನು ಅದು ಕಷ್ಟವಿಲ್ಲದೆ ದಾಟುತ್ತದೆ, ಘಟ್ಟದ ತಿರುವುಗಳಲ್ಲಿ ಅದಕ್ಕಿರುವ ಹಿಡಿತ ಈ ಬೆಲೆಯ ಬೇರೆ ಕಾರುಗಳಲ್ಲಿ ಸುಲಭಕ್ಕೆ ಸಿಗುವಂಥದ್ದಲ್ಲ. ಪುಣೆ ಬಳಿಯ ಚಾಕಣ್ ಕಾರ್ಖಾನೆಯಲ್ಲಿ ತಯಾರಾಗಿ 2010ರಿಂದ 2022ರ ವರೆಗೆ ಮಾರಾಟವಾದ ಪೋಲೊದ ಹೊರಮೈ ಆ ಹನ್ನೆರಡು ವರ್ಷಗಳಲ್ಲಿ ಹೆಚ್ಚೇನೂ ಬದಲಾಗಲಿಲ್ಲ. ಆದ್ದರಿಂದ ಕೊಳ್ಳಲು ಹೋದವರಿಗೆ 2014ರ ಕಾರೂ 2021ರ ಕಾರೂ ಹೆಚ್ಚುಕಡಿಮೆ ಒಂದೇ ಎಂದು ತೋರುತ್ತದೆ, ಓಡಿದ ಕಿಲೋಮೀಟರು ಮತ್ತು ಬಣ್ಣ ನೋಡಿ ಬೆಲೆ ಮಾತಾಡಲು ಶುರುಮಾಡುತ್ತಾರೆ. ಬಾನೆಟ್ಟಿನ ಕೆಳಗಾದರೋ ಜಿಟಿ ಹೆಸರಿನಲ್ಲಿ ಎರಡು ಬೇರೆ ಬೇರೆ ಪೆಟ್ರೋಲ್ ಇಂಜಿನ್‌ಗಳು, ಎರಡು ಬೇರೆ ಬೇರೆ ಸ್ವಭಾವದ ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ಗಳು ಬಂದು ಹೋಗಿವೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಸೆಖೆ, ಉಪ್ಪುಗಾಳಿ ಮತ್ತು ನಾಲ್ಕು ತಿಂಗಳ ಮಳೆ ಇರುವ ನಮ್ಮ ಜಿಲ್ಲೆಯಲ್ಲಿ ಕಾರನ್ನು ಹಲವು ವರ್ಷ ಇಟ್ಟುಕೊಳ್ಳಬೇಕೆಂದಿರುವವರು 2020ರ ಏಪ್ರಿಲ್ ನಂತರದ, ಒಂದು ಲೀಟರ್ ಇಂಜಿನ್ನಿನ ಪೋಲೊವನ್ನು ಆರಿಸುವುದು ಒಳ್ಳೆಯದು. ಅದಕ್ಕಿಂತ ಹಿಂದಿನ 1.2 ಲೀಟರಿನ ಜಿಟಿ ಓಡಿಸಲು ಹೆಚ್ಚು ಹಿತವಾದ ಕಾರು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ, ಆದರೆ ಅದನ್ನು ಕೊಳ್ಳುವವರು ಗೇರ್‌ಬಾಕ್ಸಿನ ಚರಿತ್ರೆಯನ್ನು ಕಾಗದದಲ್ಲಿ ನೋಡದೆ ಮುಂಗಡ ಕೊಡಬಾರದು. ಈ ಅಭಿಪ್ರಾಯಕ್ಕೆ ಕಾರಣಗಳೇನೆಂಬುದನ್ನು ಮುಂದೆ ವಿವರಿಸುತ್ತೇನೆ.

2013ರಿಂದ 2020ರ ಮಾರ್ಚ್ ವರೆಗಿನ ಕಾರುಗಳು

ಪೋಲೊ ಜಿಟಿ ಟಿಎಸ್‌ಐ ಭಾರತಕ್ಕೆ ಬಂದದ್ದು 2013ರ ಏಪ್ರಿಲ್‌ನಲ್ಲಿ. 1197 ಸಿಸಿ ಗಾತ್ರದ ನಾಲ್ಕು ಸಿಲಿಂಡರುಗಳ ಟರ್ಬೊ ಪೆಟ್ರೋಲ್ ಇಂಜಿನ್ (ಟಿಎಸ್‌ಐ ಎಂದರೆ ಇದೇ), 105 ಪಿಎಸ್ (ಅಶ್ವಶಕ್ತಿಯ ಅಳತೆ) ಶಕ್ತಿ, 175 ಎನ್‌ಎಂ ಟಾರ್ಕ್ ಅಥವಾ ತಿರುಚುಬಲ, ಅದಕ್ಕೆ ಜೋಡಿಸಿದ ಏಳು ಗೇರ್‌ಗಳ ಡಿಎಸ್‌ಜಿ ಎಂಬ ಆಟೊಮ್ಯಾಟಿಕ್ ಗೇರ್‌ಬಾಕ್ಸ್. ನಿಂತಲ್ಲಿಂದ ಗಂಟೆಗೆ 100 ಕಿಲೋಮೀಟರ್ ವೇಗ ಮುಟ್ಟಲು 9.7 ಸೆಕೆಂಡು ಸಾಕೆಂದು ಕಂಪನಿ ಹೇಳಿಕೊಂಡಿತ್ತು. ಎಂಟು ಲಕ್ಷ ರೂಪಾಯಿಯ ಆಸುಪಾಸಿನಲ್ಲಿ ಆ ಕಾಲಕ್ಕೆ ಇಂಥ ಜೋಡಣೆ ಬೇರೆ ಯಾರ ಬಳಿಯೂ ಇರಲಿಲ್ಲ. ವಾಹನ ಜಾರದಂತೆ ಹಿಡಿಯುವ ಇಎಸ್‌ಪಿ, ಏರಿನಲ್ಲಿ ಹಿಂದಕ್ಕೆ ಸರಿಯದಂತೆ ತಡೆಯುವ ಹಿಲ್ ಹೋಲ್ಡ್, ಮುಂದಿನ ಎರಡು ಏರ್‌ಬ್ಯಾಗ್‌ಗಳು ಮೊದಲ ದಿನದಿಂದಲೂ ಜಿಟಿಯಲ್ಲಿದ್ದವು. ಗ್ಲೋಬಲ್ ಎನ್‌ಸಿಎಪಿ ಸಂಸ್ಥೆ 2014ರ ಆರಂಭದಲ್ಲಿ ಪ್ರಕಟಿಸಿದ ಡಿಕ್ಕಿ ಪರೀಕ್ಷೆಯಲ್ಲಿ ಏರ್‌ಬ್ಯಾಗ್ ಇಲ್ಲದ ಪೋಲೊಗೆ ಸೊನ್ನೆ ನಕ್ಷತ್ರವೂ, ಎರಡು ಏರ್‌ಬ್ಯಾಗ್ ಇದ್ದ ಪೋಲೊಗೆ ದೊಡ್ಡವರ ರಕ್ಷಣೆಯಲ್ಲಿ ನಾಲ್ಕು ನಕ್ಷತ್ರಗಳೂ ಬಂದವು. ಏರ್‌ಬ್ಯಾಗ್ ಇಲ್ಲದ ಮಾದರಿಯನ್ನು ಕಂಪನಿ ಅದರ ಬೆನ್ನಿಗೇ ನಿಲ್ಲಿಸಿತು. ಸಾದಾ ಪೋಲೊಗೆ ಜಿಟಿಯ ಫಲಕ ಅಂಟಿಸಿದ ಕಾರುಗಳೂ ಸಿಗುವುದರಿಂದ ಈ ವ್ಯತ್ಯಾಸವನ್ನು ನೆನಪಿಡುವುದು ಅಗತ್ಯ.

2014ರ ಜುಲೈಯಲ್ಲಿ ಬಂಪರು, ದೀಪಗಳು ಬದಲಾದವು, ತಳ ಚಪ್ಪಟೆಯಾದ ಸ್ಟೀರಿಂಗ್ ಬಂತು. 2019ರ ಸೆಪ್ಟೆಂಬರ್‌ನಲ್ಲಿ ಪೋಲೊದ ವೇಗದ ಮಾದರಿಯಾದ ಜಿಟಿಐ ಹೋಲುವ ಮುಂಭಾಗ ಬಂತು. ಈ ನಡುವೆ ಚಕ್ರ, ಟಚ್‌ಸ್ಕ್ರೀನ್, ಸೀಟಿನ ಬಟ್ಟೆ ಎಂದು ಸಣ್ಣಪುಟ್ಟ ಬದಲಾವಣೆಗಳಾದವು. ಮಾರುವವರು ಬೆಲೆ ಏರಿಸುವುದು ಇವುಗಳನ್ನೇ ತೋರಿಸಿ. ಹೊರಗಿನ ಈ ಬದಲಾವಣೆಗಳಿಗಾಗಿ ಐವತ್ತು ಸಾವಿರ ಹೆಚ್ಚು ಕೊಡುವುದಕ್ಕಿಂತ ಆ ಹಣವನ್ನು ಗೇರ್‌ಬಾಕ್ಸಿನ ಹೆಸರಿನಲ್ಲಿ ತೆಗೆದಿಡುವುದು ಮೇಲು.

ಏಕೆಂದರೆ ಈ ಏಳು ವರ್ಷಗಳ ಕಾರುಗಳ ವಿಷಯದಲ್ಲಿ ಎಲ್ಲವೂ ಡಿಎಸ್‌ಜಿಗೆ ಬಂದು ನಿಲ್ಲುತ್ತದೆ. ಡಿಕ್ಯೂ200 ಎಂಬ ಈ ಗೇರ್‌ಬಾಕ್ಸಿನಲ್ಲಿ ಎರಡು ಕ್ಲಚ್‌ಗಳಿವೆ. ಒಂದು ಕ್ಲಚ್ ಒಂದು, ಮೂರು, ಐದು, ಏಳನೆಯ ಗೇರ್‌ಗಳನ್ನೂ ಇನ್ನೊಂದು ಎರಡು, ನಾಲ್ಕು, ಆರನೆಯದನ್ನೂ ನೋಡಿಕೊಳ್ಳುವುದರಿಂದ, ಒಂದು ಗೇರ್ ಓಡುತ್ತಿರುವಾಗಲೇ ಮುಂದಿನದು ಸಿದ್ಧವಾಗಿರುತ್ತದೆ. ಬದಲಾವಣೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವುದು ಹೀಗೆ. ಆದರೆ ಈ ಕ್ಲಚ್‌ಗಳು ಎಣ್ಣೆಯಲ್ಲಿ ಮುಳುಗಿರುವಂಥವಲ್ಲ, ಒಣ ಕ್ಲಚ್‌ಗಳು. ಗಂಟೆಗೆ ಐದು ಕಿಲೋಮೀಟರ್ ವೇಗದಲ್ಲಿ ತೆವಳುವಾಗ ಅವು ಅರ್ಧ ಹಿಡಿದು ಅರ್ಧ ಬಿಟ್ಟು ಉಜ್ಜುತ್ತಲೇ ಇರುತ್ತವೆ, ಆ ಬಿಸಿಯನ್ನು ಕೊಂಡೊಯ್ಯಲು ಎಣ್ಣೆ ಇರುವುದಿಲ್ಲ. ತಲಪಾಡಿಯಿಂದ ಚೆಂಗಳದ ವರೆಗಿನ ರಾಷ್ಟ್ರೀಯ ಹೆದ್ದಾರಿ 66ರ ಅಗಲೀಕರಣ ನಡೆದ ವರ್ಷಗಳಲ್ಲಿ ಉಪ್ಪಳ, ಕುಂಬಳೆ, ಕಾಸರಗೋಡು ಪೇಟೆಗಳ ಸರ್ವಿಸ್ ರಸ್ತೆಯಲ್ಲಿ ದಿನವೂ ತೆವಳಿದ ಜಿಟಿಯ ಕ್ಲಚ್, ಅದೇ ವರ್ಷದ, ಅಷ್ಟೇ ಕಿಲೋಮೀಟರ್ ಓಡಿದ, ಆದರೆ ಹೆಚ್ಚಾಗಿ ತೆರೆದ ಹೆದ್ದಾರಿಯಲ್ಲೇ ಇದ್ದ ಕಾರಿನ ಕ್ಲಚ್ಚಿಗಿಂತ ಬಹಳ ಮೊದಲೇ ಸವೆದಿರುತ್ತದೆ.

ಕ್ಲಚ್ ಬಿಟ್ಟರೆ ಈ ಗೇರ್‌ಬಾಕ್ಸಿನ ಎರಡನೆಯ ದುರ್ಬಲ ಭಾಗ ಮೆಕಾಟ್ರಾನಿಕ್ ಘಟಕ. ಗೇರ್ ಬದಲಿಸುವ ಎಲೆಕ್ಟ್ರಾನಿಕ್ಸ್ ಮತ್ತು ಎಣ್ಣೆಯ ಒತ್ತಡದ ಕವಾಟಗಳೆರಡೂ ಒಂದೇ ಪೆಟ್ಟಿಗೆಯಲ್ಲಿ ಕೂತಿರುವ ಈ ಭಾಗ ಕೆಟ್ಟರೆ ಕಾರು ಇದ್ದಲ್ಲೇ ನಿಂತುಬಿಡಬಹುದು, ಹೊಸದನ್ನು ಹಾಕಿಸುವ ಖರ್ಚು ಲಕ್ಷ ರೂಪಾಯಿಯನ್ನು ದಾಟಬಹುದು. 2013ರ ನವೆಂಬರ್‌ನಲ್ಲಿ ಫೋಕ್ಸ್‌ವ್ಯಾಗನ್ ಸಂಸ್ಥೆ ಜಗತ್ತಿನಾದ್ಯಂತ ಏಳು ಗೇರ್‌ಗಳ ಡಿಎಸ್‌ಜಿ ಇರುವ ಸುಮಾರು 16 ಲಕ್ಷ ಕಾರುಗಳ ಸಿಂಥೆಟಿಕ್ ಗೇರ್ ಎಣ್ಣೆಯನ್ನು ತೆಗೆದು ಖನಿಜ ಎಣ್ಣೆ ತುಂಬಲು ಮುಂದಾಯಿತು. ಬಿಸಿಯೂ ತೇವವೂ ಕೂಡಿದ ಹವೆಯಲ್ಲಿ, ಅದರಲ್ಲೂ ನಿಂತು ನಿಂತು ಚಲಿಸುವ ಸಂಚಾರದಲ್ಲಿ, ಹಳೆಯ ಎಣ್ಣೆಯಿಂದ ವಿದ್ಯುತ್ ದೋಷ ಉಂಟಾಗುತ್ತಿದ್ದುದೇ ಅದಕ್ಕೆ ಕಾರಣ. ಬಿಸಿ, ತೇವ, ನಿಂತು ನಿಂತು ಚಲಿಸುವ ಸಂಚಾರ ಎಂದರೆ ಮೇ ತಿಂಗಳ ಕಾಸರಗೋಡು ಪೇಟೆಯೇ ಕಣ್ಮುಂದೆ ಬರುತ್ತದೆ. ಆದ್ದರಿಂದ 2013 ಮತ್ತು 2014ರ ಕಾರು ನೋಡುವವರು ಚಾಸಿಸ್ ನಂಬರನ್ನು ಮಂಗಳೂರಿನ ಅಧಿಕೃತ ವರ್ಕ್‌ಶಾಪಿಗೆ ಕೊಟ್ಟು, ಗೇರ್‌ಬಾಕ್ಸಿನ ಕೆಲಸ ಏನೇನು ಆಗಿದೆ, ಯಾವಾಗ ಆಗಿದೆ ಎಂಬುದನ್ನು ವಿಚಾರಿಸಲೇಬೇಕು. ಕ್ಲಚ್ ಮತ್ತು ಮೆಕಾಟ್ರಾನಿಕ್ ಎರಡನ್ನೂ ಬದಲಿಸಿ ಬಿಲ್ಲು ಇಟ್ಟುಕೊಂಡಿರುವ 2013ರ ಕಾರು, ಇನ್ನೂ ಏನನ್ನೂ ಮುಟ್ಟದ 2016ರ ಕಾರಿಗಿಂತ ಒಳ್ಳೆಯ ಖರೀದಿಯಾಗಬಹುದು.

ಇಂಜಿನ್ನಿನ ಮಟ್ಟಿಗೆ ಇನ್ನೊಂದು ಮಾತು. 1.2 ಟಿಎಸ್‌ಐ ಎಂಬ ಒಂದೇ ಹೆಸರಿನಲ್ಲಿ ಫೋಕ್ಸ್‌ವ್ಯಾಗನ್ ಎರಡು ತಲೆಮಾರಿನ ಇಂಜಿನ್‌ಗಳನ್ನು ತಯಾರಿಸಿದೆ. ಮೊದಲನೆಯದರಲ್ಲಿ ಇಂಜಿನ್ನಿನ ಕವಾಟಗಳನ್ನು ಸರಿಯಾದ ಹೊತ್ತಿಗೆ ತೆರೆದು ಮುಚ್ಚಿಸುವ ಟೈಮಿಂಗ್ ಚೈನ್ ಇದೆ, ಅದರ ಕೋಡ್ ಸಿಬಿಝಡ್ ಅಕ್ಷರಗಳಿಂದ ಶುರುವಾಗುತ್ತದೆ. ಎರಡನೆಯದರಲ್ಲಿ ಬೆಲ್ಟ್ ಇದೆ, ಅದರ ಕೋಡ್ ಸಿಜೆಝಡ್ ಎಂದು ಶುರುವಾಗುತ್ತದೆ. ವರ್ಷ ನೋಡಿ ಊಹಿಸುವ ಬದಲು ಕೋಡನ್ನೇ ಓದಿಸಿ. ಚೈನ್ ಇರುವ ಇಂಜಿನ್ನಿನಲ್ಲಿ ವಯಸ್ಸಾದಂತೆ ಚೈನ್ ಸಡಿಲವಾಗುತ್ತದೆ, ಬೆಳಿಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿದ ಮೊದಲ ಎರಡು ಮೂರು ಸೆಕೆಂಡು ಕಿರಿಕಿರಿ ಸದ್ದು ಬರುತ್ತದೆ. ಆ ಸದ್ದು ಕೇಳಬೇಕಾದರೆ ನೀವು ಹೋಗುವ ಮೊದಲು ಕಾರು ಸ್ಟಾರ್ಟ್ ಆಗಿರಬಾರದು. ತಲುಪಿದ ಕೂಡಲೇ ಬಾನೆಟ್ ಮೇಲೆ ಅಂಗೈ ಇಟ್ಟು ನೋಡಿ. ಬೆಚ್ಚಗಿದ್ದರೆ ಮರುದಿನ ಬೆಳಿಗ್ಗೆ ಬರುತ್ತೇವೆಂದು ಹೇಳಿ ಹೊರಡಿ.

2020ರ ಏಪ್ರಿಲ್‌ನಿಂದ 2022ರ ವರೆಗಿನವು

ಬಿಎಸ್6 (ಭಾರತ್ ಸ್ಟೇಜ್ 6) ಎಂಬ ಹೊಗೆ ನಿಯಂತ್ರಣದ ನಿಯಮ ಜಾರಿಗೆ ಬಂದಾಗ ಪೋಲೊದಿಂದ ಡೀಸೆಲ್ ಇಂಜಿನ್ನೂ 1.2 ಟಿಎಸ್‌ಐಯೂ ಡಿಎಸ್‌ಜಿಯೂ ಒಟ್ಟಿಗೇ ಹೋದವು. ಬದಲಿಗೆ ಬಂದದ್ದು ಮೂರು ಸಿಲಿಂಡರುಗಳ 999 ಸಿಸಿ ಟರ್ಬೊ ಇಂಜಿನ್. ಶಕ್ತಿ 110 ಪಿಎಸ್, ಟಾರ್ಕ್ ಮೊದಲಿನಷ್ಟೇ, 175 ಎನ್‌ಎಂ. ಆರು ಗೇರ್‌ಗಳ ಮ್ಯಾನ್ಯುವಲ್ ಮತ್ತು ಆರು ಗೇರ್‌ಗಳ ಟಾರ್ಕ್ ಕನ್ವರ್ಟರ್ ಆಟೊಮ್ಯಾಟಿಕ್ ಎಂಬ ಎರಡು ಆಯ್ಕೆಗಳಿದ್ದವು, ಜಿಟಿ ಎಂಬ ಹೆಸರು ಆಟೊಮ್ಯಾಟಿಕ್‌ಗೆ ಮಾತ್ರ ಇತ್ತು. ಅದೇ ಇಂಜಿನ್ನಿನ ಮ್ಯಾನ್ಯುವಲ್ ಬೇಕೆಂದರೆ ಹೈಲೈನ್ ಪ್ಲಸ್ ಅಥವಾ ಕಂಫರ್ಟ್‌ಲೈನ್ ಹೆಸರಿನಲ್ಲಿ ಹುಡುಕಬೇಕು. ಸ್ವತಃ ಗೇರ್ ಹಾಕಿ ಓಡಿಸುವುದರಲ್ಲೇ ಸುಖ ಕಾಣುವವರಿಗೆ ನನ್ನ ಮೊದಲ ಶಿಫಾರಸು ಜಿಟಿ ಎಂದು ಬರೆಯದ ಈ ಮ್ಯಾನ್ಯುವಲ್ ಕಾರೇ.

ಮೂರು ಸಿಲಿಂಡರಿನ ಇಂಜಿನ್ ಖಾಲಿ ನಿಂತಾಗ ತುಸು ನಡುಗುತ್ತದೆ. 1.2ರ ರೇಷ್ಮೆಯಂಥ ನುಣುಪು ಇದಕ್ಕಿಲ್ಲ. ಟಾರ್ಕ್ ಕನ್ವರ್ಟರ್ ಗೇರ್ ಬದಲಿಸುವಾಗ ಡಿಎಸ್‌ಜಿಯ ಚುರುಕೂ ಕಾಣುವುದಿಲ್ಲ. ಇವೆರಡನ್ನು ಬಿಟ್ಟುಕೊಟ್ಟರೆ ಸಿಗುವುದು ಒಣ ಕ್ಲಚ್ಚಿನ ಚಿಂತೆಯಿಂದ ಮುಕ್ತಿ. ಟಾರ್ಕ್ ಕನ್ವರ್ಟರಿನಲ್ಲಿ ಇಂಜಿನ್ನಿನ ಬಲ ಎಣ್ಣೆಯ ಮೂಲಕ ದಾಟುವುದರಿಂದ ಪೇಟೆಯಲ್ಲಿ ತೆವಳಿದರೂ ಅದಕ್ಕೆ ಅಷ್ಟು ಆಯಾಸವಾಗುವುದಿಲ್ಲ. ಕಾಗದದ ಲೆಕ್ಕದಲ್ಲಿ ಮ್ಯಾನ್ಯುವಲ್ ಲೀಟರಿಗೆ 18.24 ಕಿಲೋಮೀಟರ್, ಆಟೊಮ್ಯಾಟಿಕ್ 16.47 ಕಿಲೋಮೀಟರ್ ಕೊಡುತ್ತದೆ, ಹಳೆಯ 1.2 ಡಿಎಸ್‌ಜಿಯ ಲೆಕ್ಕ 17.2 ಇತ್ತು. ಇಂಧನದ ದೃಷ್ಟಿಯಿಂದ ಯಾವುದೂ ಯಾವುದಕ್ಕೂ ದೊಡ್ಡ ಮಟ್ಟದಲ್ಲಿ ಮೇಲಲ್ಲ.

ನನಗೆ ಇದಕ್ಕಿಂತ ಮುಖ್ಯವಾಗಿ ಕಾಣುವುದು ಬಿಡಿಭಾಗಗಳ ವಿಚಾರ. ಪೋಲೊ ನಿಂತು ಹೋದರೂ ಅದೇ ಒಂದು ಲೀಟರ್ ಟಿಎಸ್‌ಐ ಇಂಜಿನ್ ಫೋಕ್ಸ್‌ವ್ಯಾಗನ್ ವರ್ಟಸ್, ಟೈಗುನ್, ಸ್ಕೋಡಾ ಕುಶಾಕ್ ಮತ್ತು ಸ್ಲಾವಿಯಾ ಕಾರುಗಳಲ್ಲಿ 115 ಪಿಎಸ್ ರೂಪದಲ್ಲಿ ಮುಂದುವರಿಯಿತು. ಅದನ್ನು ಬಲ್ಲ ಮೆಕ್ಯಾನಿಕ್‌ಗಳು, ಅದರ ಫಿಲ್ಟರು, ಕಾಯಿಲ್, ಪಂಪುಗಳು ಇನ್ನೂ ಹಲವು ಕಾಲ ಸಿಗುತ್ತವೆ ಎಂದು ಧೈರ್ಯವಾಗಿ ನಂಬಬಹುದು. 1.2 ಟಿಎಸ್‌ಐ ಇಂಜಿನ್ನಿಗೆ ಇಲ್ಲಿ ಅಂಥ ವಾರಸುದಾರರಿಲ್ಲ. ಅದೇ ಕಂಪನಿಯ ವೆಂಟೊ ಕಾರಿನಲ್ಲಿಯೂ ಆ ಇಂಜಿನ್ ಇದ್ದುದರಿಂದ ಹಳೆಯ ಭಾಗಗಳು ಸಿಗುತ್ತವೆ, ಆದರೆ ಆ ಕಾರುಗಳೂ ವರ್ಷ ಕಳೆದಂತೆ ಕಡಿಮೆಯಾಗುತ್ತವೆ.

ಚಿಕ್ಕ ಲಾಭವೊಂದಿದೆ. 1000 ಸಿಸಿಯೊಳಗಿನ ಖಾಸಗಿ ಕಾರಿಗೆ ಥರ್ಡ್ ಪಾರ್ಟಿ ವಿಮೆಯ ಮೂಲ ಕಂತು, 2022ರ ಜೂನ್‌ನಲ್ಲಿ ಜಾರಿಗೆ ಬಂದ ದರದಂತೆ, 2,094 ರೂಪಾಯಿ. 1000ದಿಂದ 1500 ಸಿಸಿಯವುಗಳಿಗೆ 3,416 ರೂಪಾಯಿ. 999 ಸಿಸಿಯ ಪೋಲೊ ಮೊದಲನೆಯ ವರ್ಗಕ್ಕೆ ಸೇರುತ್ತದೆ.

ಇನ್ನು, 2019ರ ಸೆಪ್ಟೆಂಬರ್ ಮತ್ತು 2020ರ ಮಾರ್ಚ್ ನಡುವಿನ ಆರು ತಿಂಗಳ ಕಾರುಗಳ ಬಗ್ಗೆ ಎಚ್ಚರ ಬೇಕು. ಮುಖ ಹೊಸದು, ಇಂಜಿನ್ ಮತ್ತು ಡಿಎಸ್‌ಜಿ ಹಳೆಯವು. ಪಕ್ಕದಲ್ಲಿ 2021ರ ಜಿಟಿ ನಿಲ್ಲಿಸಿದರೆ ಹೊರಗಿನಿಂದ ವ್ಯತ್ಯಾಸ ಹೇಳುವುದು ಕಷ್ಟ, ಹಿಂಬದಿಯಲ್ಲಿ ಎರಡರ ಮೇಲೂ ಟಿಎಸ್‌ಐ ಎಂದೇ ಇದೆ. 2020ರ ಏಪ್ರಿಲ್ 1ರಿಂದ ಬಿಎಸ್4 ವಾಹನಗಳ ಮಾರಾಟವಾಗಲಿ ನೋಂದಣಿಯಾಗಲಿ ಕೂಡದೆಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದ್ದರಿಂದ, ಉಳಿದಿದ್ದ ಕಾರುಗಳು ಆ ಮಾರ್ಚ್ ತಿಂಗಳೊಳಗೆ ನೋಂದಣಿಯಾಗಬೇಕಾಗಿತ್ತು. ಹಾಗಾಗಿ "2020 ಮಾಡೆಲ್" ಎಂದು ಮಾರಾಟಕ್ಕಿರುವ ಕಾರು 2019ರಲ್ಲಿ ತಯಾರಾದ 1.2 ಲೀಟರಿನದೂ ಆಗಿರಬಹುದು. ಆರ್‌ಸಿಯಲ್ಲಿ ಮೂರು ಸಾಲುಗಳನ್ನು ಓದಿದರೆ ಗೊಂದಲ ಮುಗಿಯುತ್ತದೆ: ತಯಾರಾದ ತಿಂಗಳು ಮತ್ತು ವರ್ಷ, ಸಿಸಿ 1197 ಆಗಿದೆಯೋ 999 ಆಗಿದೆಯೋ, ಭಾರತ್ ಸ್ಟೇಜ್ 4 ಎಂದಿದೆಯೋ 6 ಎಂದಿದೆಯೋ. ಮಾತಾಡಬೇಕಾದದ್ದು ತಯಾರಾದ ವರ್ಷದ ಬೆಲೆಯನ್ನು.

ಉಳಿದ ಆಯ್ಕೆಗಳು

ಜಿಟಿ ಟಿಡಿಐ ಡೀಸೆಲ್ 250 ಎನ್‌ಎಂ ಟಾರ್ಕಿನ, ಮ್ಯಾನ್ಯುವಲ್ ಗೇರಿನ ಗಟ್ಟಿ ಕಾರು. ಪಾಣತ್ತೂರಿನಿಂದ ಭಾಗಮಂಡಲದ ಕಡೆಗೆ ಏರುವಾಗ ಅದರ ಎಳೆತಕ್ಕೆ ಪೆಟ್ರೋಲ್ ಜಿಟಿ ಸಾಟಿಯಾಗದು. ಆದರೆ 2015ರ ಡಿಸೆಂಬರ್‌ನಲ್ಲಿ ಹೊಗೆಯ ಪ್ರಮಾಣ ಮರೆಮಾಚಿದ ಪ್ರಕರಣದ ಕಾರಣ ಭಾರತದಲ್ಲಿ 3,23,700 ಡೀಸೆಲ್ ಕಾರುಗಳನ್ನು ಕಂಪನಿ ಹಿಂದಕ್ಕೆ ಕರೆಯಿತು. 2015ರ ನವೆಂಬರ್‌ಗಿಂತ ಮುಂಚಿನ ಟಿಡಿಐ ಆದರೆ ಆ ಸಾಫ್ಟ್‌ವೇರ್ ಕೆಲಸ ಆಗಿದೆಯೇ ಎಂದು ದಾಖಲೆಯಲ್ಲಿ ನೋಡಿ. ದೆಹಲಿ ವಲಯದಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ಕಾರುಗಳಿಗೆ ನಿರ್ಬಂಧ ಇದ್ದುದರಿಂದ ಅಲ್ಲಿಂದ ಅಗ್ಗದಲ್ಲಿ ಕೇರಳಕ್ಕೆ ಬಂದ ಕಾರುಗಳೂ ಇವೆ. ಅವುಗಳ ಮೂಲ ನೋಂದಣಿ ಮತ್ತು ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಸರಿಯಾಗಿದ್ದರೆ ಅವು ಬೇಡವೆನ್ನಲು ನನಗೆ ಕಾರಣ ಕಾಣುವುದಿಲ್ಲ.

2016ರ ನವೆಂಬರ್‌ನಲ್ಲಿ ಆಮದಾದ ಮೂರು ಬಾಗಿಲಿನ ಪೋಲೊ ಜಿಟಿಐ 192 ಪಿಎಸ್‌ನ ನಿಜವಾದ ಸ್ಪೋರ್ಟ್ಸ್ ಕಾರು, ಆದರೆ ಭಾರತಕ್ಕೆ ಮೀಸಲಾದದ್ದು 99 ಮಾತ್ರ. ಅದನ್ನು ಸಂಗ್ರಹಕಾರರಿಗೆ ಬಿಡುವುದು ಒಳಿತು. ಫಿಯಟ್ ಅಬಾರ್ತ್ ಪುಂಟೊ 145 ಎಚ್‌ಪಿಯ ಸಮರ್ಥ ಕಾರು, ಆದರೆ ಫಿಯಟ್ ಇಲ್ಲಿಂದ ಹೋದ ಮೇಲೆ ಸಣ್ಣ ಭಾಗಕ್ಕೂ ಅಲೆಯಬೇಕು. 2017ರಿಂದ 2020ರ ವರೆಗೆ ಇದ್ದ ಮಾರುತಿ ಬಲೆನೊ ಆರ್‌ಎಸ್ (102 ಪಿಎಸ್) ನೆಚ್ಚಿಕೊಳ್ಳಬಹುದಾದ ಕಾರು, ಸ್ಟೀರಿಂಗ್ ಹಿಡಿದವರಿಗೆ ಸಿಗುವ ಸಂತೋಷ ಮಾತ್ರ ಪೋಲೊದಷ್ಟಿಲ್ಲ. 2021ರಲ್ಲಿ ಬಂದ ಹ್ಯುಂಡೈ ಐ20 ಎನ್ ಲೈನ್, 120 ಪಿಎಸ್ ಶಕ್ತಿಯದು, ಬಜೆಟ್ ಇದ್ದವರು ಗಂಭೀರವಾಗಿ ನೋಡಬೇಕಾದದ್ದು.

ವರ್ಷಕ್ಕಿಂತ ಕಾರು ಬದುಕಿದ ರೀತಿ

ನಮ್ಮ ಜಿಲ್ಲೆಯಲ್ಲಿ ಗಲ್ಫ್‌ನಲ್ಲಿರುವವರ ಕಾರುಗಳು ಬಹಳ. ಎಂಟು ವರ್ಷದ ಕಾರು, ಮೀಟರಿನಲ್ಲಿ ಇಪ್ಪತ್ತು ಸಾವಿರ ಕಿಲೋಮೀಟರ್, ಬಣ್ಣದ ಮೇಲೆ ಒಂದು ಗೀರೂ ಇಲ್ಲ. ಕೊಳ್ಳುವವರು ಇಂಥದಕ್ಕೆ ಮುಗಿಬೀಳುತ್ತಾರೆ. ಒಡೆಯರು ಊರಿಗೆ ಬಂದ ತಿಂಗಳು ಓಡಿ, ಉಳಿದ ಹನ್ನೊಂದು ತಿಂಗಳು ಪೋರ್ಚಿನಲ್ಲಿ ನಿಂತ ಕಾರಿನಲ್ಲಿ ಬೇರೆಯದೇ ರೋಗಗಳಿರುತ್ತವೆ. ಟೈರಿನ ಅಂಚಿನ ಮೇಲಿರುವ ನಾಲ್ಕು ಅಂಕೆಗಳನ್ನು ನೋಡಿ: ಮೊದಲ ಎರಡು ವಾರವನ್ನೂ ಕೊನೆಯ ಎರಡು ವರ್ಷವನ್ನೂ ಹೇಳುತ್ತವೆ. 2317 ಎಂದಿದ್ದರೆ ಅದು 2017ರ 23ನೆಯ ವಾರದ ಟೈರು, ಟೈರಿನ ಮೇಲಿನ ಗೆರೆಗಳು ಎಷ್ಟೇ ಆಳವಾಗಿರಲಿ, ರಬ್ಬರು ಗಟ್ಟಿಯಾಗಿ ಮಳೆಯಲ್ಲಿ ಹಿಡಿತ ಕಳೆದುಕೊಂಡಿರುತ್ತದೆ. ಬ್ಯಾಟರಿ ಇಳಿದು ಇಳಿದು ದುರ್ಬಲವಾಗಿರುತ್ತದೆ, ಬ್ರೇಕ್ ಡಿಸ್ಕಿನ ಮೇಲೆ ತುಕ್ಕಿನ ಪಟ್ಟಿ ಬಿದ್ದಿರುತ್ತದೆ, ಬಾನೆಟ್ ಒಳಗಿನ ವೈರುಗಳನ್ನು ಇಲಿಗಳು ಕಡಿದಿರುತ್ತವೆ. ಫೋಕ್ಸ್‌ವ್ಯಾಗನ್ ಇಲ್ಲಿ ಸರ್ವಿಸಿಗೆ ಇಟ್ಟ ಲೆಕ್ಕ 15,000 ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ಎಂಟು ವರ್ಷದ ಕಾರಿಗೆ ಎಂಟರ ಹತ್ತಿರ ಸರ್ವಿಸ್ ನಮೂದುಗಳಿರಬೇಕು. ಕಡಿಮೆ ಓಡಿದೆ ಎಂಬ ನೆಪದಲ್ಲಿ ಎರಡು ಮೂರು ವರ್ಷಕ್ಕೊಮ್ಮೆ ಎಣ್ಣೆ ಬದಲಿಸಿದ ಟರ್ಬೊ ಇಂಜಿನ್ನಿಗಿಂತ, ದಿನವೂ ಮಂಗಳೂರಿಗೆ ಹೋಗಿ ಬಂದು ಎಂಬತ್ತು ಸಾವಿರ ಕಿಲೋಮೀಟರ್ ದಾಟಿ, ವರ್ಷ ತಪ್ಪದೆ ಸರ್ವಿಸ್ ಕಂಡ ಇಂಜಿನ್ನನ್ನು ನಾನು ನಂಬುತ್ತೇನೆ.

ಇನ್ನೊಂದು ನೀರಿನ ವಿಷಯ. 2018 ಮತ್ತು 2019ರ ಆಗಸ್ಟ್‌ನಲ್ಲಿ ಕೇರಳದ ಹಲವು ಜಿಲ್ಲೆಗಳಲ್ಲಿ ಬಂದ ನೆರೆಯಲ್ಲಿ ಮುಳುಗಿದ ಕಾರುಗಳು ತೊಳೆದು ಒರೆಸಿಕೊಂಡು ಮಾರುಕಟ್ಟೆಗೆ ಬಂದಿರಬಹುದು, ಆದ್ದರಿಂದ 2013ರಿಂದ 2019ರ ವರೆಗಿನ ಯಾವ ಕಾರನ್ನು ನೋಡುವಾಗಲೂ ಮುಂದೆ ಹೇಳುವ ಪರೀಕ್ಷೆ ಬೇಕು. ಕರಾವಳಿಯ ಕಾರಿನ ಹೊಟ್ಟೆಯ ಕೆಳಗೆ, ಸೈಲೆನ್ಸರಿನಲ್ಲಿ, ಬೋಲ್ಟುಗಳಲ್ಲಿ ತುಕ್ಕು ಕಂಡರೆ ಗಾಬರಿ ಬೇಡ, ಅದು ಉಪ್ಪುಗಾಳಿಯ ಕೆಲಸ. ಒಳಗಡೆಯ ತುಕ್ಕನ್ನು ಮಾತ್ರ ಕ್ಷಮಿಸಬೇಡಿ. ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಿ ಅದರ ಕೆಳಗಿನ ಹಳಿಗಳನ್ನೂ ಸ್ಕ್ರೂಗಳನ್ನೂ ಟಾರ್ಚ್ ಬಿಟ್ಟು ನೋಡಿ. ಸೀಟ್ ಬೆಲ್ಟನ್ನು ಕೊನೆಯ ವರೆಗೆ ಎಳೆಯಿರಿ, ದಿನವೂ ಹೊರಗಿರುವ ಭಾಗ ತೊಳೆದು ಬೆಳ್ಳಗಿದ್ದರೂ ಸುರುಳಿಯ ಒಳಗಿದ್ದ ಕೊನೆಯ ಒಂದು ಗೇಣಿನಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ಡಿಕ್ಕಿಯ ಹಾಸನ್ನು ಎತ್ತಿ ಸ್ಟೆಪ್ನಿಯ ಗುಂಡಿಯಲ್ಲಿ ಕೈಯಾಡಿಸಿ. ಕಾಲಿಡುವ ಜಾಗದ ಹಾಸು ಮಾತ್ರ ಒದ್ದೆಯಾಗಿದ್ದು ಉಳಿದೆಲ್ಲ ಒಣಗಿದ್ದರೆ ಬಾಗಿಲ ಒಳಪದರದ ಸೀಲು ಸಡಿಲವಾಗಿ ಮಳೆನೀರು ಇಳಿದಿರಬಹುದು, ಅದು ಪೋಲೊದಲ್ಲಿ ಕಾಣುವ, ಸರಿಪಡಿಸಬಹುದಾದ ದೋಷ.

ವೇಗದ ಕಾರು ಎಂದಮೇಲೆ ರೀಮ್ಯಾಪ್ ಬಗ್ಗೆ ಕೇಳದೆ ಇರಲಾಗದು. ಲ್ಯಾಪ್‌ಟಾಪ್ ಹಚ್ಚಿ ಇಂಜಿನ್ನಿನ ಶಕ್ತಿ ಏರಿಸಿದ ಜಿಟಿಗಳು ನಮ್ಮಲ್ಲೂ ಇವೆ. ಡಿಕ್ಯೂ200 ಗೇರ್‌ಬಾಕ್ಸ್ ತಾಳುವುದು 250 ಎನ್‌ಎಂ ಟಾರ್ಕನ್ನು. ಹೊರದೇಶಗಳಲ್ಲಿ ಮಾರಿದ ಪೋಲೊ ಜಿಟಿಐಯ ಮ್ಯಾನ್ಯುವಲ್‌ಗೆ 320 ಎನ್‌ಎಂ ಕೊಟ್ಟ ಕಂಪನಿಯೇ ಅದರ ಡಿಎಸ್‌ಜಿಗೆ 250ರಲ್ಲಿ ಕಡಿವಾಣ ಹಾಕಿತ್ತು. 175 ಎನ್‌ಎಂನ ಕಾರಿಗೆ ಇದ್ದ ಅಂತರವನ್ನು ರೀಮ್ಯಾಪ್ ತಿಂದುಹಾಕುತ್ತದೆ, ಸವೆತ ಕ್ಲಚ್ಚಿನಲ್ಲಿ ಕಾಣಿಸಿಕೊಳ್ಳುತ್ತದೆ. ಮೂಲ ಸಾಫ್ಟ್‌ವೇರ್ ಮತ್ತೆ ಹಾಕಿ ಮಾರಿದರೂ ಆ ಸವೆತ ವಾಪಸು ಹೋಗುವುದಿಲ್ಲ. ದೊಡ್ಡ ಸೈಲೆನ್ಸರು, ಅಳತೆ ಮೀರಿದ ಚಕ್ರ ಇದ್ದರೆ ಕಾನೂನಿನ ತೊಡಕೂ ಇದೆ: ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದ್ದು ಕೇರಳದಿಂದಲೇ ಹೋದ ಪ್ರಕರಣದಲ್ಲಿ.

ಓಡಿಸಿ ನೋಡುವ ಬಗೆ

ಹೆದ್ದಾರಿಯಲ್ಲಿ ಓಡಿಸಿ ನೋಡಿದರೆ ಎಲ್ಲ ಜಿಟಿಗಳೂ ಚೆನ್ನಾಗಿರುತ್ತವೆ. ಡಿಎಸ್‌ಜಿಯ ನಿಜಸ್ಥಿತಿ ತಿಳಿಯುವುದು ಮೊದಲ ಹತ್ತು ನಿಮಿಷ ಪೇಟೆಯೊಳಗೆ ತೆವಳಿ, ಬಳಿಕ ಏರುತಗ್ಗಿನ ರಸ್ತೆಗೆ ಹೋದಾಗ. ಚೆರ್ಕಳದಿಂದ ಮುಳ್ಳೇರಿಯ, ಆದೂರು ಹಾದು ಜಾಲ್ಸೂರಿಗೆ ಹೋಗುವ ರಸ್ತೆ, ಇಲ್ಲವೇ ಬದಿಯಡ್ಕದಿಂದ ಪೆರ್ಲ, ಅಡ್ಕಸ್ಥಳದ ಕಡೆಯ ರಸ್ತೆ ಇದಕ್ಕೆ ಬಹಳ ಸೂಕ್ತ. ಇಂಜಿನ್ ಬಿಸಿಯಾದ ಮೇಲೆ ಆಕ್ಸಿಲರೇಟರನ್ನು ಹಗುರವಾಗಿ ಒತ್ತಿ ನಿಂತಲ್ಲಿಂದ ಹೊರಡಿ. ಒಂದನೆಯ ಗೇರಿನಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಹೋಗುವಾಗ ಸೀಟಿನಲ್ಲಿ ನಡುಕ ಬಂದರೆ ಕ್ಲಚ್ ಸವೆದಿದೆ. ಏರಿನಲ್ಲಿ ನಿಲ್ಲಿಸಿ ಬ್ರೇಕ್ ಬಿಟ್ಟು ಮತ್ತೆ ಹೊರಡಿ, ಅದೇ ಏರಿನಲ್ಲಿ ರಿವರ್ಸ್ ಹಾಕಿ ಹಿಂದಕ್ಕೆ ತೆಗೆಯಿರಿ, ತಡವರಿಸಬಾರದು, ಜಿಗಿಯಬಾರದು. ಮೀಟರಿನಲ್ಲಿ ಗೇರಿನ ಅಕ್ಷರಗಳು ಮಿನುಗಿದರೆ, ಸ್ಪ್ಯಾನರಿನ ಚಿತ್ರ ಅಥವಾ ಇಂಜಿನ್ನಿನ ದೋಷ ತೋರಿಸುವ ಇಪಿಸಿ ದೀಪ ಹತ್ತಿದರೆ ಮುಂದಿನ ಮಾತು ಬೇಡ. ನಂತರ ಕಾರಿನ ಕಂಪ್ಯೂಟರನ್ನು ಓದುವ ವಿಸಿಡಿಎಸ್‌ನಂಥ ಸಾಧನ ಇರುವ ಮೆಕ್ಯಾನಿಕ್ ಬಳಿ ಒಯ್ದು ಗೇರ್‌ಬಾಕ್ಸಿನ ದೋಷಗಳ ಪಟ್ಟಿಯನ್ನೂ ಕ್ಲಚ್ಚುಗಳ ಸವೆತದ ಅಂಕಿಗಳನ್ನೂ ತೆಗೆಸಿ.

ಒಂದು ಲೀಟರಿನ ಕಾರಿಗೆ ಇಷ್ಟು ಪರೀಕ್ಷೆ ಬೇಡ. ಆದರೆ ಎರಡೂ ಇಂಜಿನ್‌ಗಳಲ್ಲಿ ಪೆಟ್ರೋಲ್ ನೇರವಾಗಿ ಸಿಲಿಂಡರಿಗೆ ಚಿಮ್ಮುವುದರಿಂದ ಕೊಳೆ ಇರುವ ಇಂಧನವನ್ನು ಅವು ಸಹಿಸುವುದಿಲ್ಲ. ಎಳೆತದಲ್ಲಿ ತಡೆ ಬಂದರೆ ಇಂಜೆಕ್ಟರು, ಹೆಚ್ಚಿನ ಒತ್ತಡದ ಪಂಪು, ಕಾಯಿಲ್‌ಗಳನ್ನು ಪರೀಕ್ಷಿಸಿ. 20 ಶೇಕಡಾ ಎಥನಾಲ್ ಬೆರೆತ ಪೆಟ್ರೋಲಿಗೆ ಹೊಂದುವ ಭಾಗಗಳು 2023ರ ಏಪ್ರಿಲ್ ನಂತರದ ಕಾರುಗಳಿಗೆ ಕಡ್ಡಾಯವಾದವು, ಪೋಲೊ ಅದಕ್ಕಿಂತ ಮೊದಲೇ ನಿಂತುಹೋಗಿತ್ತು. ಆದ್ದರಿಂದ ಯಾವ ವರ್ಷದ ಪೋಲೊ ಕೊಂಡರೂ ಇಂಧನದ ರಬ್ಬರ್ ಕೊಳವೆಗಳನ್ನು ಪ್ರತಿ ಸರ್ವಿಸಿನಲ್ಲಿಯೂ ನೋಡಿಸುವುದು ಅಗತ್ಯ.

ಗಡಿಯಾಚೆಯ ಕಾರು ಮತ್ತು ಕಾಗದಗಳು

ಮಂಗಳೂರು, ಪುತ್ತೂರು, ಸುಳ್ಯದಲ್ಲಿ ಒಳ್ಳೆಯ ಪೋಲೊಗಳು ಸಿಗುತ್ತವೆ, ಗಡಿ ದಾಟಿ ಕೊಳ್ಳುವುದು ನಮಗೆ ಹೊಸದೇನಲ್ಲ. ಕೆಎ-19 ಕಾರನ್ನು ಹನ್ನೆರಡು ತಿಂಗಳಿಗಿಂತ ಹೆಚ್ಚು ಕೇರಳದಲ್ಲಿ ಇಟ್ಟುಕೊಳ್ಳುವುದಾದರೆ ಮೋಟಾರು ವಾಹನ ಕಾಯ್ದೆಯ 47ನೆಯ ಸೆಕ್ಷನ್ ಪ್ರಕಾರ ಇಲ್ಲಿ ಮರುನೋಂದಣಿ ಮಾಡಿಸಬೇಕು. ಕರ್ನಾಟಕದ ಕಚೇರಿಯಿಂದ ಫಾರ್ಮ್ 28ರ ಎನ್‌ಒಸಿ ಪಡೆದು, ಇಲ್ಲಿ ತೆರಿಗೆ ಕಟ್ಟಿದರೆ ಕೆಎಲ್-14 ನಂಬರು ಸಿಗುತ್ತದೆ. ಕಾರಿನ ವಯಸ್ಸು ಹೆಚ್ಚಾದಂತೆ ಇಲ್ಲಿ ಕಟ್ಟುವ ತೆರಿಗೆ ಕಡಿಮೆಯಾಗುವುದರಿಂದ 2014ರ ಕಾರಿಗೂ 2021ರ ಕಾರಿಗೂ ಈ ಲೆಕ್ಕದಲ್ಲಿ ದೊಡ್ಡ ಅಂತರ ಬರುತ್ತದೆ. ಬೆಲೆ ಹೋಲಿಸುವಾಗ ಆ ಮೊತ್ತವನ್ನೂ ಕೂಡಿಸಿಯೇ ಹೋಲಿಸಬೇಕು. ಇನ್ನೊಂದೆಡೆ, ನೋಂದಣಿಯ ಹದಿನೈದು ವರ್ಷ 2013ರ ಕಾರಿಗೆ 2028ರಲ್ಲೇ ಮುಗಿಯುತ್ತದೆ. ಆಮೇಲೆ ತಪಾಸಣೆ ಮಾಡಿಸಿ, ಐದೈದು ವರ್ಷಕ್ಕೆ ನವೀಕರಿಸಬೇಕು. 2022ರ ಏಪ್ರಿಲ್‌ನಲ್ಲಿ ಅದರ ಕೇಂದ್ರ ಶುಲ್ಕವೇ 5,000 ರೂಪಾಯಿಗೆ ಏರಿತ್ತು.

ಕೇರಳದಲ್ಲಿ 2023ರ ಜೂನ್‌ನಿಂದ ರಸ್ತೆಬದಿಯ ಕ್ಯಾಮೆರಾಗಳು ದಂಡ ಹಾಕುತ್ತಿವೆ. ಕಾರಿನ ಹೆಸರಿನಲ್ಲಿ ಬಾಕಿ ಇರುವ ಚಲನ್‌ಗಳನ್ನೂ, ಬ್ಯಾಂಕ್ ಸಾಲ ತೀರಿದೆಯೇ ಎಂಬುದನ್ನೂ ಪರಿವಾಹನ್ ಜಾಲತಾಣದಲ್ಲಿ ಮಾರುವವರ ಎದುರೇ ನೋಡಿ. ಒಡೆತನ ಬದಲಿಸುವ ಫಾರ್ಮ್ 29 ಮತ್ತು 30ಕ್ಕೆ ಸಹಿ ಆಗುವ ದಿನವೇ ಇನ್ನೆರಡು ವಿಷಯಗಳನ್ನು ಕಾಗದದಲ್ಲಿ ಬರೆಸಿಕೊಳ್ಳಿ. ಕೇರಳದಲ್ಲಿ ನೋಂದಣಿಯಾದ ಬಳಿಕ ಕರ್ನಾಟಕದ ಆಜೀವ ತೆರಿಗೆಯಲ್ಲಿ ಉಳಿದ ಅವಧಿಯ ಪಾಲನ್ನು ವಾಪಸು ಕೇಳಬಹುದು, ಆ ಹಣ ಮಾರಿದವರದೋ ಕೊಂಡವರದೋ ಎಂಬುದು ಮೊದಲನೆಯದು. ಎರಡನೆಯದು, ಬೆಲೆಯ ಒಂದು ಭಾಗವನ್ನು ಎನ್‌ಒಸಿ ಕೈಸೇರಿದ ದಿನ ಕೊಡುವ ಷರತ್ತು.